ರೇವನ್‌ರಾಯ್ಡ್ ಹೆಸರಿನ ಹೆಂಗಸು

ಆ ಹೆಂಗಸು ನಮ್ಮ ಹಳ್ಳಿ ಕ್ರಿಂಬಲ್‌ಡೀನಿನಲ್ಲಿ ಬಸ್ಸಿಳಿದ ದಿನವೇ ಊರಿಗೆಲ್ಲ ಸುದ್ದಿಯಾಯಿತು. ನೇರವಾಗಿ ಚರ್ಚಿನ ಸಮಾಧಿಗಳ ನಡುವೆ ಹೋಗಿ, ಮಂಡಿಯೂರಿ, ಕಲ್ಲುಗಳ ಮೇಲಿನ ಪಾಚಿ ಕೆರೆದು ಹೆಸರು ಬರೆದುಕೊಳ್ಳುತ್ತಿದ್ದಳಂತೆ. ಹಿಂದಿನ ವರ್ಷ ಪಕ್ಕದ ಕಣಿವೆಯನ್ನು ಅಣೆಕಟ್ಟೆಗೆಂದು ಅಳೆದುಹೋದವರೂ ಹೀಗೆಯೇ ಪುಸ್ತಕ ಹಿಡಿದು ಬಂದಿದ್ದರು.

"ಸರ್ಕಾರದವಳೇ. ಬೂಟು ನೋಡಿದ್ರೆ ಗೊತ್ತಾಗಲ್ವಾ?" ಎಂದ ಕಟುಕ ಏಮಸ್.

ಚರ್ಚಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಕಸ ಗುಡಿಸುವವಳೂ ನಾನೇ, ಹಿತ್ತಾಳೆ ದೀಪ ಉಜ್ಜುವವಳೂ ನಾನೇ. ಹಾಗಾಗಿ ಸಂಜೆಯೊಳಗೆ ಅವಳು ನನ್ನ ಬಾಗಿಲಿಗೇ ಬಂದಳು. ಐವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ.

"ನೋರಾ ಸಗ್ಡನ್ ಅಂದ್ರೆ ನೀವೇನಾ? ನಾನು ಮರ್ಲ್ ರೇವನ್‌ರಾಯ್ಡ್. ಟಾಸ್ಮೇನಿಯಾದಿಂದ ಬಂದಿದೀನಿ. ಹಳೇ ದಾಖಲೆ ಪೆಟ್ಟಿಗೆ ನೋಡೋಕೆ ಪಾದ್ರಿಗಳು ಒಪ್ಪಿದಾರೆ."

ರೇವನ್‌ರಾಯ್ಡ್ ಎಂಬ ಹೆಸರಿನವರು ನಮ್ಮಲ್ಲಿ ಒಬ್ಬರೇ ಉಳಿದಿದ್ದರು. ಗುಡ್ಡದ ಮೇಲಿನ ಅದೇ ಹೆಸರಿನ ಹೊಲಮನೆಯಲ್ಲಿ ಕುರಿ ಸಾಕಿಕೊಂಡಿದ್ದ ಹೆಸ್ಟರ್. ಎಪ್ಪತ್ತು ತುಂಬುತ್ತಿತ್ತು, ಮದುವೆಯಾಗಿರಲಿಲ್ಲ. ಅವಳ ತರುವಾಯ ಆ ಜಮೀನು ಯಾರಿಗೆ ಎಂದು ಊರಿನಲ್ಲಿ ಯಾರಿಗೂ ತಿಳಿಯದು. ಈಗ ಇದ್ದಕ್ಕಿದ್ದಂತೆ ಸಮುದ್ರದಾಚೆಯಿಂದ ಒಬ್ಬಳು!

ಮರುದಿನ ಮರ್ಲ್ ಗುಡ್ಡ ಹತ್ತಿದಳು. ದಾರಿ ತೋರಿಸುವ ನೆಪದಲ್ಲಿ ನಾನೂ ಹೋದೆ. ಹೆಸ್ಟರ್ ಗೇಟು ತೆರೆಯಲಿಲ್ಲ. ಅದರ ಮೇಲೆ ಎರಡೂ ಮೊಣಕೈ ಊರಿ ನಿಂತಳು.

"ರೇವನ್‌ರಾಯ್ಡ್ ಅಂತೀಯಲ್ಲ, ರಾಯ್ಡ್ ಅಂದ್ರೇನು ಹೇಳು ನೋಡೋಣ."

"ಕಾಡು ಕಡಿದು ಮಾಡಿದ ಹೊಲ. ಕಾಡುಕಾಗೆ ಕೂರೋ ಹೊಲ ಅಂತ ಅರ್ಥ," ಎಂದಳು ಮರ್ಲ್. "ಹಳೇ ಕಂದಾಯದ ಪಟ್ಟಿಯಲ್ಲಿ ಮೊದಲನೆಯವನು ಬರೀ ಜಾನ್. ಕೆಳಗಿನ ಊರಿಗೆ ಇಳಿದ ಮೇಲೆ 'ರೇವನ್‌ರಾಯ್ಡಿನ ಜಾನ್' ಆದ. ಆಮೇಲೆ ಅದೇ ಮನೆತನದ ಹೆಸರಾಯ್ತು, ಅವನ ಮಕ್ಕಳು ವಾಪಸ್ ಬಂದು ಈ ಹೊಲ ಹಿಡಿದ್ರು. ನಾಲ್ಕು ನೂರು ವರ್ಷ ಈ ಹೆಸರು ಇಲ್ಲಿಂದ ಮೂರು ಮೈಲಿ ಆಚೆ ಹೋಗಿಲ್ಲ. ಆಮೇಲೆ ಒಂದೇ ನೆಗೆತಕ್ಕೆ ನಮ್ಮ ದ್ವೀಪ. ನಮ್ಮಜ್ಜಂದಿರು ಹೇಳೋದು, ಈ ಮನೆ ಕಿರಿಮಗ ಅಣ್ಣನ ಹತ್ತಿರ ಜಗಳ ಆಡಿ ಹಡಗು ಹತ್ತಿದನಂತೆ. ಜೋಬ್ ಅಂತ."

ಆ ಹೆಸರು ಕೇಳಿ ಹೆಸ್ಟರಳ ಮೊಣಕೈ ಗೇಟಿನಿಂದ ಜಾರಿತು. "ನಮ್ಮಲ್ಲಿ ಜೋಬ್ ಅನ್ನೋರು ಯಾರೂ ಇರ್ಲಿಲ್ಲ. ಹೋಗು ತಾಯಿ, ಮಳೆ ಬರೋ ಹಾಗಿದೆ," ಎಂದಳು. ಮೋಡದ ಸುಳಿವೂ ಇರಲಿಲ್ಲ.

ಮಧ್ಯಾಹ್ನ ಹೆಸ್ಟರ್ ನನ್ನ ಅಡುಗೆಮನೆಗೆ ಬಂದಳು. ವರ್ಷಕ್ಕೆ ಎರಡು ಸಲವೂ ಬರುವವಳಲ್ಲ. ನಾನಿಟ್ಟ ಶುಂಠಿ ಕೇಕನ್ನು ಮುಟ್ಟಲಿಲ್ಲ.

"ನೋರಾ, ಆ ಪೆಟ್ಟಿಗೆಯಲ್ಲಿ ಹದಿನೇಳನೇ ನಂಬರಿನ ಕಾಗದ ಒಂದಿದೆ. ಅವಳು ನೋಡೋಕೆ ಮುಂಚೆ ತೆಗೆದಿಡು. ಓದೋಕೆ ಹೋಗಬೇಡ."

"ಯಾಕೆ?"

"ಜಮೀನಿಗೆ ಬಂದಿದಾಳೆ ಕಣೇ. ನಿಂಗೆ ಗೊತ್ತಾಗಲ್ಲ."

ನಾನು ಅವಳ ಮಾತು ನಂಬಿದೆ. ಅಥವಾ ನಂಬುವುದು ಸುಲಭವಾಗಿತ್ತು. ಕಾಗದವನ್ನು ಏಪ್ರನ್ನಿನ ಜೇಬಿಗೆ ಸೇರಿಸಿ, ಗುರುವಾರ ಬೆಳಿಗ್ಗೆ ಮರ್ಲಳಿಗೆ ಪೆಟ್ಟಿಗೆ ತೆರೆದುಕೊಟ್ಟು, ಎದುರಿನ ಬೆಂಚಿನಲ್ಲಿ ಕಾವಲು ಕೂತೆ. ಮುಚ್ಚಳದ ಒಳಬದಿಗೆ ಹಿಂದಿನ ಯಾವುದೋ ಪಾದ್ರಿ ಪಟ್ಟಿ ಅಂಟಿಸಿದ್ದು ನನಗೆ ನೆನಪೇ ಇರಲಿಲ್ಲ.

"ಹದಿನಾರು ಇದೆ, ಹದಿನೆಂಟು ಇದೆ," ಎಂದಳು ಮರ್ಲ್, ತಲೆ ಎತ್ತದೆ. "ಹದಿನೇಳು: 'ಜೋಬ್, ರೇವನ್‌ರಾಯ್ಡಿನವನು' ಅಂತ ಪಟ್ಟಿಯಲ್ಲಿದೆ. ಕಾಗದ ಇಲ್ಲ."

"ಇಲಿ ತಿಂದಿರಬೇಕು."

"ಇಲಿಗೆ ಎಣಿಸೋಕೂ ಬರುತ್ತಾ ನಿಮ್ಮೂರಲ್ಲಿ?"

ಅವಳ ಕಣ್ಣು ನನ್ನ ಏಪ್ರನ್ನಿನ ಮೇಲೆ ನಿಂತಿತು. ನಾನು ಕೈಯನ್ನು ಜೇಬಿನ ಮೇಲಿಟ್ಟುಕೊಂಡಿದ್ದೆನೆಂದು ಆಗ ತಿಳಿಯಿತು. ಅವಳು ಪುಸ್ತಕ ಮುಚ್ಚಿ, ನಾಳೆ ಮಧ್ಯಾಹ್ನ ಬಸ್ಸಿಗೆ ಹೊರಡುತ್ತೇನೆಂದು ಹೇಳಿ ಎದ್ದುಹೋದಳು.

ಜಮೀನಿಗೆ ಬಂದವಳು ಇಷ್ಟು ಸುಮ್ಮನೆ ಹೋಗುತ್ತಾಳೆಯೇ? ಮನೆಗೆ ಬಂದು ಕಾಗದ ಬಿಚ್ಚಿದೆ. ಬರೆದವನು ಅಂದಿನ ಪಾದ್ರಿ. ಜೋಬ್ ಅನಾಥಾಲಯದ ಹುಡುಗ, ತಂದೆ ಯಾರೆಂದು ತಿಳಿಯದು, ಮನೆತನದ ಹೆಸರಿಲ್ಲ. ಒಂಬತ್ತನೆಯ ವಯಸ್ಸಿಗೆ ರೇವನ್‌ರಾಯ್ಡಿಗೆ ಆಳಾಗಿ ಬಂದವನು. ಹತ್ತೊಂಬತ್ತಕ್ಕೆ, ಮೂರು ಕುರಿ ಕದ್ದನೆಂದು ಯಜಮಾನ ಏಬ್ರಂ ದೂರು ಕೊಟ್ಟು ಕೈದಿಗಳ ಹಡಗಿನಲ್ಲಿ ಗಡೀಪಾರು ಮಾಡಿಸಿದ. ಎರಡು ವರ್ಷ ಕಳೆದ ಮೇಲೆ ಏಬ್ರಂನ ಮಗ ಸೈಲಸ್, ಜ್ವರದಲ್ಲಿ ಸಾಯುತ್ತೇನೆಂದು ಹೆದರಿ, ಆ ಕುರಿಗಳನ್ನು ಸಂತೆಯಲ್ಲಿ ಮಾರಿದವನು ತಾನೇ ಎಂದು ಒಪ್ಪಿಕೊಂಡ. ಕೊನೆಯ ಸಾಲು: 'ಹಡಗು ಹೋಗಿಯಾಗಿದೆ, ಸೈಲಸ್ ಗುಣಮುಖನಾಗಿದ್ದಾನೆ, ವಿಷಯ ಇಲ್ಲಿಗೇ ಬಿಡಲಾಗಿದೆ.'

ಸೈಲಸ್ ಹೆಸ್ಟರಳ ಮುತ್ತಜ್ಜ.

ಆಗಲೇ ಗುಡ್ಡ ಹತ್ತಿದೆ. ಹೆಸ್ಟರ್ ಕುರಿಯೊಂದರ ಬೆಳೆದ ಗೊರಸಿನ ತುದಿ ಕತ್ತರಿಸುತ್ತಿದ್ದಳು. "ಓದಿದೆ ತಾನೆ?" ಎಂದಳು.

"ಓದಿದೆ. ಅವಳಿಗೆ ಕೊಡ್ತೀನಿ."

"ಯಾರಿಗೂ ತಿಳಿಸಬಾರದು ಅಂತ ಅಜ್ಜಿ ನನ್ನ ಕೈಲಿ ಆಣೆ ಹಾಕಿಸಿಕೊಂಡು ಹೇಳಿದ್ದು. ಕೊಟ್ರೆ ನಿಂಗೂ ನಂಗೂ ಮಾತು ಮುಗೀತು."

"ಮುಗೀಲಿ ಬಿಡು," ಎಂದೆ. ಗೇಟು ಹಾಕಿಕೊಂಡು ಗುಡ್ಡ ಇಳಿದೆ.

ಶುಕ್ರವಾರ ಬೆಳಿಗ್ಗೆ ಚರ್ಚಿನ ಕೋಣೆಯಲ್ಲಿ ಕಾಗದವನ್ನು ಮರ್ಲಳ ಮುಂದಿಟ್ಟು, "ನಾನೇ ತೆಗೆದಿದ್ದೆ," ಎಂದೆ. ಅವಳು ಎರಡು ಸಲ ಓದಿದಳು.

"ಕಿರಿಮಗ ಅಲ್ಲ ಹಾಗಾದ್ರೆ," ಎಂದಳು ಮೆಲ್ಲಗೆ. "ಎಲ್ಲಿಯವನು ಅಂತ ಕೋರ್ಟಲ್ಲಿ ಕೇಳಿರ್ತಾರೆ, ತಾನಿದ್ದ ಹೊಲಮನೆ ಹೆಸರು ಹೇಳಿರ್ತಾನೆ. ಅದನ್ನೇ ಮನೆತನದ ಹೆಸರು ಅಂತ ಬರೆದ್ಕೊಂಡಿದಾರೆ."

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಹೆಸ್ಟರ್! ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಇನ್ನೇನು ಮಾಡ್ತೀಯ? ಪೇಪರಿಗೆ ಹಾಕಿಸ್ತೀಯಾ? ವಕೀಲರ ಹತ್ರ ಹೋಗ್ತೀಯಾ?"

"ಯಾವ ಜಮೀನೂ ನಂಗೆ ಬೇಡ," ಎಂದಳು ಮರ್ಲ್. "ಅಲ್ಲಿ ಈ ಹೆಸರಿನವರು ನಲವತ್ತೊಂದು ಜನ ಇದೀವಿ. ಕಳ್ಳನ ವಂಶ ಅಂತ ಯಾರಾದ್ರೂ ಹಂಗಿಸಿಯಾರು ಅಂತ ನಮ್ಮಪ್ಪ ಸಾಯೋವರೆಗೂ ಕೈದಿಗಳ ಹಡಗಿನ ಪಟ್ಟಿ ಮುಚ್ಚಿಟ್ಟಿದ್ರು. ಜೋಬ್ ಕಳ್ಳ ಅಲ್ಲ ಅಂತ ನಿಮ್ಮ ಕೈಬರಹದಲ್ಲಿ ಬೇಕು."

"ಅಷ್ಟೇನಾ?" ಹೆಸ್ಟರ್ ಅವಳ ಮುಖವನ್ನೇ ದಿಟ್ಟಿಸಿದಳು. "ಅಷ್ಟಕ್ಕೆ ಯಾರು ಇಷ್ಟು ದೂರ ಬರ್ತಾರೆ?"

"ನಾನು ಬಂದೆನಲ್ಲ."

ಹೆಸ್ಟರ್ ಕೋಲನ್ನು ಗೋಡೆಗೊರಗಿಸಿ ಕೂತು, ಕಾಗದವನ್ನು ಅಕ್ಷರ ಬಿಡದೆ ನಕಲು ಮಾಡಿದಳು. 'ಸೈಲಸ್' ಎಂಬಲ್ಲಿ ಪೆನ್ನು ನಿಂತಿತು, ಮತ್ತೆ ಓಡಿತು. ಕೆಳಗೆ ಸಹಿ ಹಾಕಿ, ಮಸಿ ಆರುವವರೆಗೂ ಅದನ್ನು ಕೈಬಿಡಲಿಲ್ಲ. ಕೊಡುವಾಗ, "ಇದನ್ನ ಹಿಡ್ಕೊಂಡು ಮತ್ತೆ ಬಂದ್ರೆ ನಾಯಿ ಬಿಡ್ತೀನಿ," ಎಂದಳು. ಮರ್ಲ್ ನಕ್ಕಳು. ಹೆಸ್ಟರ್ ನಗಲಿಲ್ಲ.

ಬಸ್ಸು ತಿರುವು ದಾಟಿ ಮರೆಯಾಗುವವರೆಗೂ ಹೆಸ್ಟರ್ ಚರ್ಚಿನ ಗೋಡೆಯ ಬಳಿ ನಿಂತು ನೋಡಿದಳು. ನಿಜಕ್ಕೂ ಹೋದಳೇ ಎಂದು ಖಾತ್ರಿ ಮಾಡಿಕೊಳ್ಳುವಂತಿತ್ತು. ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ. ಮೂರನೆಯ ವರ್ಷ ಕ್ರಿಸ್‌ಮಸ್‌ಗೆ ಮೊದಲು ಕಟುಕನಂಗಡಿಯಲ್ಲಿ ನನ್ನ ಹಿಂದೆ ನಿಂತಿದ್ದವಳು, "ಮರ್ಲ್ ಕಾಗದ ಬಂದಿತ್ತು. ಅಲ್ಲಿ ಮತ್ತೊಂದು ಹೆಣ್ಣುಮಗು ಹುಟ್ಟಿದೆಯಂತೆ. ನನ್ನ ಹೆಸರಿಟ್ಟಿದಾರಂತೆ. ಏನು ಬೇಕಾಗಿದೆಯೋ ಅವರಿಗೆ," ಎಂದಳು.