ಸಂಕೋಚವಿಲ್ಲದ ಕೋಚ್

ಇದು ಅಪ್ಪಟ ನಿಜ. ಗಾಳಿಮಾತು ಆಡುವ ಅಭ್ಯಾಸ ನನಗಿಲ್ಲ. ನನ್ನಲ್ಲಿದ್ದ ಗಾಳಿಯೆಲ್ಲ ಟೈರಿನಲ್ಲಿತ್ತು, ಬಾಯಲ್ಲಿ ಇರಲಿಲ್ಲ. ನಾನು ಒಂದು ಬಸ್ಸು. ರೂಟ್ ಬಸ್ಸಲ್ಲ, ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತಿದ್ದ ಬಸ್ಸು. ಪಿಕ್ನಿಕ್ಕು, ಮದುವೆ, ನಾಮಕರಣ, ಸನ್ಮಾನ, ಯಾರು ಕರೆದರೂ ಹೋಗುತ್ತಿದ್ದವನು. ಓದಿದವರು ನನ್ನನ್ನು ಕೋಚ್ ಅನ್ನುತ್ತಾರೆ. ‘ಸಂಕೋಚ’ ಎಂಬ ಪದದೊಳಗೆ ನನ್ನ ಹೆಸರು ಇಣುಕುತ್ತದೆಂಬುದನ್ನು ಬಿಟ್ಟರೆ ಸಂಕೋಚಕ್ಕೂ ನನಗೂ ಯಾವ ಸಂಬಂಧವೂ ಇಲ್ಲ.

ಹುಟ್ಟಿದಾಗ ನನಗೆ ಮೈಯೇ ಇರಲಿಲ್ಲ. ಆರು ಚಕ್ರ, ಒಂದು ಎಂಜಿನ್, ಒಂದು ಸ್ಟಿಯರಿಂಗ್, ಅಷ್ಟೇ ನಾನು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬಾತ ಮರದ ಹಲಗೆಯ ಮೇಲೆ ಕೂತು, ನನ್ನನ್ನು ಬತ್ತಲೆಯಾಗಿಯೇ ಹೆದ್ದಾರಿಯುದ್ದಕ್ಕೂ ಓಡಿಸಿಕೊಂಡು ಹುಬ್ಬಳ್ಳಿಯ ಒಂದು ಶೆಡ್ಡಿಗೆ ತಂದ. ಲಾರಿಗಳು ನೋಡಿ ಹಾರ್ನ್ ಹೊಡೆದವು. ನಾಚಿಕೆಗೆ ನನ್ನ ರೇಡಿಯೇಟರ್ ಕುದಿಯಿತು. ಶೆಡ್ಡಿನಲ್ಲಿ ತಗಡು ಬಡಿದರು, ಕಿಟಕಿ ಕೂರಿಸಿದರು, ಸೀಟಿಗೆ ಕೆಂಪು ಬಟ್ಟೆ ಹೊದಿಸಿದರು. ಕೊನೆಯ ಬೋಲ್ಟ್ ಬಿಗಿದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, “ಬಾಡಿ ಆತು. ಇನ್ನ ಬಾಡಿಗಿ” ಅಂದ. ನನ್ನ ಇಡೀ ಬದುಕನ್ನು ಅಷ್ಟು ಚಿಕ್ಕದಾಗಿ ಮತ್ತೆ ಯಾರೂ ಹೇಳಲಿಲ್ಲ. ಹಣೆಬರಹವನ್ನೂ ಅಲ್ಲೇ ಹಳದಿ ಬಣ್ಣದಲ್ಲಿ ಬರೆದರು: ‘ಗಜಗಮನ’. ಏರಿನಲ್ಲಿ ನನ್ನ ಹಿಂದೆ ಸಿಕ್ಕಿಬಿದ್ದವರೆಲ್ಲ ಹೆಸರು ಒಪ್ಪುತ್ತದೆ ಎಂದಿದ್ದಾರೆ, ಹಲ್ಲು ಕಡಿಯುತ್ತ.

ಮೊದಲ ಮಾಲೀಕರು ಹುಬ್ಬಳ್ಳಿಯ ಗುರುಪಾದಪ್ಪನವರು. ಅವರ ಗಿರಾಕಿಗಳೆಲ್ಲ ಬ್ಯಾಂಕಿನವರು, ನಿವೃತ್ತ ಮೇಷ್ಟ್ರುಗಳು, ನಗೆಕೂಟದವರು. ನನಗೆ ಜನರ ಪರಿಚಯವಾಗುವುದು ಕಾಲಿನಿಂದ, ಮುಖ ಆಮೇಲೆ. ಮೆಟ್ಟಿಲ ಮೇಲೆ ಬಿದ್ದ ಹೆಜ್ಜೆಯಲ್ಲೇ ಹೇಳಿಬಿಡುತ್ತಿದ್ದೆ: ಇವರು ಕಿಟಕಿಯಿಂದಲೇ ಕರ್ಚೀಫ್ ಎಸೆದು ಸೀಟು ಹಿಡಿದವರು, ಇವರು ಊರು ದಾಟುವ ಮೊದಲೇ ಚಕ್ಕುಲಿ ಡಬ್ಬಿ ಬಿಚ್ಚುವವರು, ಇವರು ಹಿಂದಿನ ಸೀಟಿನಲ್ಲಿ ಕೂತು ಊರೂರಿಗೂ ವಾಂತಿ ಮಾಡುವವರು.

ನಂತರ ರಾಣೆಬೆನ್ನೂರಿನ ಒಬ್ಬ ಮದುವೆ ಕಂಟ್ರಾಕ್ಟರನ ಕೈಗೆ ಬಂದೆ. ಅಲ್ಲಿ ಒಮ್ಮೆ ಬೀಗರ ಬಳಗವನ್ನು ತಪ್ಪು ಕಲ್ಯಾಣ ಮಂಟಪದ ಮುಂದೆ ಇಳಿಸಿದ್ದಾಯಿತು. ಅವರೆಲ್ಲ ಉಂಡು, ಉಡುಗೊರೆ ಕೊಟ್ಟು, ಕೈ ತೊಳೆಯುವಾಗ ಒಬ್ಬ ಹಿರಿಯರಿಗೆ ಅನುಮಾನ ಬಂತು.

“ಏ ಡ್ರೈವರಾ, ಇಲ್ಲಿ ಹುಡುಗಿ ಹೆಸರು ಬ್ಯಾರೇನ ಐತಲ್ಲೋ!”

“ಊಟ ಹೆಂಗಿತ್ರಿ ಅಜ್ಜಾರ?”

“ಊಟ ಛಲೋ ಇತ್ತು ಬಿಡು.”

“ಹಂಗಾರ ಹತ್ರಿ ಲಗೂನ. ನಿಮ್ಮ ಮದುವ್ಯಾಗೂ ಒಂದು ಪಂಕ್ತಿ ಉಳದೈತಿ.”

ಅದೇ ಮಾಲೀಕರ ಹತ್ತಿರ ತಿಪ್ಪೇಶಿ ಎಂಬವನು ಕ್ಲೀನರ್ ಆಗಿ ಸೇರಿ, ನನ್ನ ಮೇಲೆಯೇ ಡ್ರೈವಿಂಗ್ ಕಲಿತ. ಮಾಲೀಕರಿಗೆ ಹೊಸ ಎ.ಸಿ. ಬಸ್ಸುಗಳ ಮೋಹ ಹತ್ತಿದಾಗ ನನ್ನನ್ನು ಕೊಂಡು, ತನ್ನೂರು ದಾವಣಗೆರೆಗೆ ಕರೆತಂದವನೂ ಅವನೇ. ಆಗ ನನಗೆ ಕೀಲು ಕೀಲಿಗೂ ಸಂಗೀತ ಬಂದಿತ್ತು. ತಿಪ್ಪೇಶಿ ಮಾತ್ರ ಬೆಳಗ್ಗೆ ಗಾಜು ಒರೆಸುತ್ತ, “ಏನ್ ಗಜಣ್ಣ, ನಿದ್ದೆ ಆಯ್ತಾ?” ಎಂದು ವಿಚಾರಿಸುತ್ತಿದ್ದ.

ಈಗ ಕೊಟ್ರಮ್ಮನ ವಿಷಯ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಗಟ್ಟಿ ಹೆಂಗಸು. ಬಿಸಿ ಮರಳಿನಲ್ಲಿ ಅಕ್ಕಿ ಹುರಿದು ಹುರಿದು ತೋಳು ಕಬ್ಬಿಣವಾಗಿತ್ತು. ಭಟ್ಟಿಯ ಓಣಿಯ ಹೆಂಗಸರನ್ನು ಸೇರಿಸಿ ಆಕೆ ಹಗ್ಗಜಗ್ಗಾಟದ ತಂಡ ಕಟ್ಟಿದ್ದಳು. ಆದರೆ ದುರ್ಗದಲ್ಲಿ ವರ್ಷವರ್ಷವೂ ನಡೆಯುವ ಮಹಿಳಾ ಪಂದ್ಯದಲ್ಲಿ ಪ್ರತಿ ಸಲವೂ ಅಲ್ಲಿಯ ಕೋಟೆ ಬೀದಿ ತಂಡದ ಎದುರು ಸೋಲು. ಆ ತಂಡದ ನಾಯಕಿ ಓಬಮ್ಮ ಹಗ್ಗ ಮುಟ್ಟುವ ಮೊದಲೇ, “ಮಂಡಕ್ಕಿ ಬಂತು ಕಣ್ರೇ, ಉಫ್ ಅನ್ರಿ, ಹಾರಿ ಹೋಗ್ತದೆ!” ಅನ್ನುತ್ತಿದ್ದಳು.

“ಈ ಸಲಾನೂ ಸೋತ್ರೆ ತಂಡ ಮುಚ್ಚೋದೇ,” ಎಂದು ಕೊಟ್ರಮ್ಮ ಶಪಥ ಮಾಡಿದಳು. “ಹಗ್ಗ ಬಟ್ಟೆ ಒಣಗ್ಸಕ್ಕೆ ಆಗ್ತದೆ.” ಪಂದ್ಯದವರು ಈ ವರ್ಷ ಹೊಸ ನಿಯಮ ಬೇರೆ ಕಳಿಸಿದ್ದರು: ತಂಡಗಳು ಕೋಚ್ ಸಮೇತ ಬರತಕ್ಕದ್ದು. ಆಕೆ ತಂಡದ ಓದಿದ ಸದಸ್ಯೆ ಪಂಕಜಾಕ್ಷಿಗೆ ಹೇಳಿದಳು: “ಒಂದು ಒಳ್ಳೆ ಕೋಚ್ ಗೊತ್ತು ಮಾಡೇ.”

ಪಂಕಜಾಕ್ಷಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಯಾರ ದನಿಯನ್ನಾದರೂ ಹಾಗೇ ಎತ್ತಿ ಆಡಿ ತೋರಿಸುವವಳು. ನೇರವಾಗಿ ಉತ್ತರ ಕೊಡುವುದು ಅವಳ ಜಾತಕದಲ್ಲೇ ಇರಲಿಲ್ಲ. ತಿಪ್ಪೇಶಿಗೆ ಫೋನ್ ಮಾಡಿ ನನ್ನನ್ನು ಗೊತ್ತು ಮಾಡಿ, ಕೊಟ್ರಮ್ಮನ ಹತ್ತಿರ ಹೋಗಿ ವರದಿ ಒಪ್ಪಿಸಿದಳು.

“ಕೋಚ್ ಸಿಕ್ತು ಕೊಟ್ರಕ್ಕ. ಭಾರೀ ಅನುಭವ. ಮೈಕಟ್ಟು ಉಕ್ಕು.”

“ವಯಸ್ಸು?”

“ಸ್ವಲ್ಪ ಆಗಿದೆ. ಆದ್ರೆ ನಮ್ಮೆಲ್ಲರನ್ನೂ ಒಟ್ಟಿಗೇ ಹೊರ್ತಾರೆ.”

“ಅಯ್ಯೋ, ಹೊರೋದು ಯಾಕೆ! ಚಟ ಗಿಟ?”

“ಹೊಗೆ ಬಿಡ್ತಾರೆ. ಕುಡಿಯೋದೂ ಜಾಸ್ತಿ. ಆದ್ರೆ ಕುಡೀದಿದ್ರೆ ಒಂದು ಹೆಜ್ಜೆ ಮುಂದೆ ಇಡಲ್ಲ, ಏನ್ಮಾಡೋದು?”

“ಗೆಲ್ಸಿದ್ರೆ ಸಾಕು, ಕುಡೀಲಿ ಬಿಡೇ ನನ್ನವ್ವ,” ಎಂದು ಕೊಟ್ರಮ್ಮ ನಿಟ್ಟುಸಿರು ಬಿಟ್ಟಳು.

ಪಂದ್ಯದ ದಿನ ಬೆಳಗ್ಗೆ ಕೊಟ್ರಮ್ಮ ಗುಲಾಬಿ ಹಾರ ಹಿಡಿದು ಭಟ್ಟಿಯ ಮುಂದೆ ಕೋಚ್‌ಗಾಗಿ ಕಾಯುತ್ತಿದ್ದಳು. ನಾನು ಹೊಗೆ ಬಿಡುತ್ತ ಬಂದು ನಿಂತೆ. “ಬಂದ್ರು, ಹಾರ ಹಾಕಿ!” ಎಂದಳು ಪಂಕಜಾಕ್ಷಿ. ಕೊಟ್ರಮ್ಮ ನನ್ನ ಬಾಗಿಲೊಳಗೆ ಇಣುಕಿದಳು, ಸೀಟಿನ ಸಂದಿಯಲ್ಲೆಲ್ಲ ಹುಡುಕಿದಳು. ಹಿಂದೆ ಹೆಂಗಸರು ಕಿಸಕ್ಕೆಂದಾಗ ಅರ್ಥವಾಯಿತು. ಮುಖ ಭಟ್ಟಿಯ ಬಾಯಿಯಾಯಿತು.

“ಕೋಚ್ ಇಲ್ದಿದ್ರೆ ಕಣಕ್ಕೇ ಇಳ್ಸಲ್ಲ ಅಂದಾರೆ ಕಣೇ, ಕೋಡಂಗಿ!”

ಪಂಕಜಾಕ್ಷಿಯ ನಗು ಅಲ್ಲೇ ಪಂಕ್ಚರ್ ಆಯಿತು. ನಿಯಮದ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ದೊಡ್ಡ ತಂಡಗಳನ್ನು ನೋಡಿ ಕೊಟ್ರಕ್ಕನಿಗೂ ಕೋಚಿನ ಆಸೆಯಾಗಿದೆ, ಒಂದು ತಮಾಷೆ ಮಾಡೋಣ ಅಂದುಕೊಂಡಿದ್ದಳು. ಆ ಹೊತ್ತಿನಲ್ಲಿ ಇನ್ನು ಯಾರನ್ನು ಹುಡುಕುವುದು? “ನಡೀರಿ, ಹೋಗಿ ಕೈಮುಗಿದು ಕೇಳೋಣ,” ಎಂದು ಎಲ್ಲರೂ ಹತ್ತಿದರು. ದುರ್ಗ ಮುಟ್ಟುವವರೆಗೂ ನನ್ನೊಳಗೆ ಒಂದು ಹಾಡಿಲ್ಲ, ಒಂದು ಚಕ್ಕುಲಿಯ ಸದ್ದಿಲ್ಲ. ಮದುವೆ ಬಸ್ಸಾಗಿದ್ದವನಿಗೆ ಆ ಮೌನ ಇಡೀ ಲೋಡಿಗಿಂತ ಭಾರವಾಯಿತು.

ಮೈದಾನದಲ್ಲಿ ಟೋಪಿ ಹಾಕಿದ ಅಧಿಕಾರಿಯೊಬ್ಬರು ತಂಡದ ಹೆಸರು ಬರೆದುಕೊಂಡು, “ಕೋಚ್ ಎಲ್ಲಿ?” ಎಂದರು. ಕೊಟ್ರಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನನ್ನ ಕಡೆ ಕೈ ತೋರಿಸಿದಳು. ನನ್ನ ಮುಂದೆ ತಿಪ್ಪೇಶಿ ಗಾಜು ಒರೆಸುತ್ತ ನಿಂತಿದ್ದ. ಅಧಿಕಾರಿ ಅವನನ್ನೇ ಕರೆದರು.

“ಎಷ್ಟು ವರ್ಷದಿಂದ ಕೋಚ್?”

“ಬಾಳ ವರ್ಷದಿಂದ ಇದೇ ಕೋಚ್ ಸಾರ್,” ಎಂದ ತಿಪ್ಪೇಶಿ, ನನ್ನ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು.

“ಲೈಸೆನ್ಸ್ ಇದೆಯಾ?”

“ಹೆವಿ ಐತೆ ಸಾರ್!”

“ಹೆವಿ... ಒಳ್ಳೇದು. ತೂಕದ ವಿಭಾಗ,” ಎಂದು ಅವರು ಬರೆದುಕೊಂಡರು.

ನಮ್ಮ ಹೆಂಗಸರು ಸಣ್ಣ ಪುಟ್ಟ ತಂಡಗಳನ್ನು ಹೇಗೋ ದಾಟಿಕೊಂಡು, ಕೊನೆಗೆ ಮತ್ತೆ ಓಬಮ್ಮನ ಕೋಟೆ ಬೀದಿ ತಂಡದ ಎದುರಿಗೇ ಬಂದು ನಿಂತರು. ಮೂರು ಎಳೆತದಲ್ಲಿ ಎರಡು ಗೆಲ್ಲಬೇಕು. ಮೊದಲನೆಯದರಲ್ಲಿ ನಮ್ಮವರು ಒಬ್ಬರು ಎಳೆಯುವಾಗ ಇನ್ನೊಬ್ಬರು ಉಸಿರು ಬಿಟ್ಟರು. ಸೀಟಿಗೆ ಜಗಳವಾಡಿದ ಹಾಗಾಯಿತೇ ಹೊರತು ಹಗ್ಗ ಬರಲಿಲ್ಲ. “ಉಫ್!” ಎಂದಳು ಓಬಮ್ಮ.

ಎರಡನೆಯ ಎಳೆತ. ಕೋಚ್ ಅಂದಮೇಲೆ ತಂಡದ ಹಿಂದೆ ನಿಲ್ಲಬೇಕು ಎಂದು ತಿಪ್ಪೇಶಿಯನ್ನು ತಂದು ನಿಲ್ಲಿಸಿದರು. ಬಡಪಾಯಿಗೆ ಏನು ಹೇಳಬೇಕೆಂದೇ ಗೊತ್ತಿಲ್ಲ. ಅವನ ಕಣ್ಣಿಗೆ ಕಂಡಿದ್ದು ಇಷ್ಟೇ: ತನ್ನತ್ತ ಹಿಮ್ಮುಖವಾಗಿ ಸರಿಯುತ್ತಿರುವ ಬೆನ್ನುಗಳ ಒಂದು ಉದ್ದ ಸಾಲು. ಬಸ್ಸು ರಿವರ್ಸ್ ಬರುವುದೂ ಹೀಗೇ ಅಲ್ಲವೇ? ಹಳೇ ಕ್ಲೀನರ್ ಜೀವ. ಬಾಯಿ ತಾನೇ ತೆರೆಯಿತು.

“ಬರ್ಲಿ... ಬರ್ಲಿ... ಬರ್ಲಿ!”

ಆ ಲಯಕ್ಕೆ ಎಲ್ಲರ ಹಿಮ್ಮಡಿಯೂ ಒಟ್ಟಿಗೇ ನೆಲಕ್ಕೆ ಬಿತ್ತು. ಹಗ್ಗ ಬಂತು. ಎದುರಿನವರು ಜಗ್ಗಿದಾಗ, “ಹೋಲ್ಡಾನ್!” ಎಂದ. ಎಲ್ಲ ಕಾಲುಗಳೂ ಹ್ಯಾಂಡ್‌ಬ್ರೇಕ್ ಹಾಕಿದಂತೆ ನಿಂತವು. “ಹಿಂದೆ ಜಾಗ ಐತೆ, ಬರ್ಲಿ! ಸ್ವಲ್ಪ ಲೆಫ್ಟ್‌ಗೆ ಹೊಡೀರಿ! ಬರ್ಲಿ, ಬರ್ಲಿ!” ಬಂದೇಬಿಟ್ಟಿತು. ಒಂದಕ್ಕೊಂದು ಸಮ.

ಮೂರನೆಯದರಲ್ಲಿ ಇನ್ನೂ ಒಂದು ಚೋದ್ಯ ನಡೆಯಿತು. ಕೋಟೆ ಬೀದಿಯವರೂ ಹುಟ್ಟಿದಾಗಿನಿಂದ ಬಸ್ಸು ಹತ್ತಿದವರೇ. ತಿಪ್ಪೇಶಿ “ಹೋಲ್ಡಾನ್!” ಎಂದಾಗ ಅವರೂ ಅಭ್ಯಾಸಬಲದಿಂದ ತಟಕ್ಕನೆ ನಿಂತರು. ಸಾಲಿನಲ್ಲಿದ್ದ ಪಂಕಜಾಕ್ಷಿ ತಡೆಯಲಾರದೆ ಮೂಗಿನಲ್ಲೇ ಕಂಡಕ್ಟರ್ ದನಿ ತೆಗೆದಳು: “ಯಾರ್ರೀ ದುರ್ಗ, ಇಳ್ಕೊಳ್ರೀ!” ಓಬಮ್ಮನಿಗೆ ನಗು ಒತ್ತರಿಸಿತು, ಕೈ ಸಡಿಲವಾಯಿತು. “ರೈಟ್!” ಎಂದು ತಿಪ್ಪೇಶಿ ಕೂಗಿದ. ಹಗ್ಗದ ಜೊತೆ ಇಡೀ ಕೋಟೆಯೇ ಗೆರೆ ದಾಟಿ ಬಂತು.

ವೇದಿಕೆಯಲ್ಲಿ ಟೋಪಿಯ ಅಧಿಕಾರಿ ತಿಪ್ಪೇಶಿಗೆ ಶಾಲು ಹೊದಿಸಿ ಮೈಕ್ ಕೊಟ್ಟರು. “ಕೋಚ್ ಸರ್, ಗೆಲುವಿನ ಗುಟ್ಟೇನು?”

ತಿಪ್ಪೇಶಿ ಶಾಲು ಸರಿಮಾಡಿಕೊಂಡ. “ನಾನು ಡ್ರೈವರ್ ಸಾರ್. ಕೋಚ್ ಅಲ್ಲಿ ನಿಂತೈತಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. “ಹಾಗಾದ್ರೆ ನಿಯಮದ ಪ್ರಕಾರ ಈ ತಂಡ...” ಎಂದು ಅಧಿಕಾರಿ ಕಪ್ಪನ್ನು ಹಿಂದಕ್ಕೆ ಎಳೆದುಕೊಂಡರು.

ಕೊಟ್ರಮ್ಮ ಸೆರಗು ಸಿಕ್ಕಿಸಿ ಎದ್ದಳು. “ನಿಲ್ರಿ ಸಾರ್. ಕೋಚ್ ಸಮೇತ ಬರ್ರಿ ಅಂದ್ರಿ. ಕೋಚ್ ಸಮೇತ ಬಂದೀವಿ. ಯಾವ ಕೋಚು ಅಂತ ನೀವು ಹೇಳಿದ್ರಾ? ಬೇಕಾದ್ರೆ ನೋಡ್ರಿ, ನಿಮ್ಮ ಕೋಚಿಗೆ ಎರಡೇ ಕಾಲು. ನಮ್ಮದಕ್ಕೆ ಆರು ಗಾಲಿ!”

ಅಧಿಕಾರಿ ಬಾಯಿ ತೆರೆಯುವಷ್ಟರಲ್ಲಿ ಓಬಮ್ಮ ಕೆಳಗಿನಿಂದ ಕೂಗಿದಳು: “ಕೊಟ್ಬಿಡಿ ಸಾರ್ ಕಪ್ಪು! ಮಂಡಕ್ಕಿ ಕೈಲಿ ಸೋತ್ವಿ ಅನ್ನೋದಕ್ಕಿಂತ ಬಸ್ಸಿನ ಕೈಲಿ ಸೋತ್ವಿ ಅಂದ್ರೆ ನಮಗೂ ಮರ್ಯಾದೆ!”

ಮೈದಾನಕ್ಕೆ ಮೈದಾನವೇ ನಕ್ಕಿತು. ಕಪ್ಪು ಕೊಟ್ಟರು. ಕಪ್ಪಿನಲ್ಲೇ ಎಲ್ಲರಿಗೂ ಟೀ ಹಂಚುತ್ತ, ಹಾಡುತ್ತ ವಾಪಸು ಬಂದೆವು. ಗಜಗಮನನಾದ ನಾನು ಅಂದು ಓಡಿದ್ದು ಕುದುರೆಯ ಹಾಗೆ.

ಮುಂದೆ ನನ್ನ ಎಂಜಿನ್ ಕೈಕೊಟ್ಟಿತು. ಗುಜರಿಯವನು ಟೇಪು ಹಿಡಿದು ನನ್ನ ಮೈ ಅಳೆಯುತ್ತಿದ್ದಾಗ ಕೊಟ್ರಮ್ಮ ಬಂದು ಅವನನ್ನು ಅಟ್ಟಿ, ತಿಪ್ಪೇಶಿಗೆ ದುಡ್ಡು ಎಣಿಸಿ ಕೊಟ್ಟು, ನನ್ನನ್ನು ಭಟ್ಟಿಯ ಹಿತ್ತಲಿಗೆ ಎಳೆಸಿಕೊಂಡು ಹೋದಳು. ಈಗ ನನ್ನ ಹಿಂದಿನ ಕೊಕ್ಕೆಗೆ ಹಗ್ಗ ಕಟ್ಟಿ ತಂಡ ಅಭ್ಯಾಸ ಮಾಡುತ್ತದೆ. ಅಷ್ಟು ವರ್ಷ ಜನರನ್ನು ಕೂರಿಸಿಕೊಂಡು ಓಡಿದೆ. ಈಗ ಕದಲದೆ ನಿಂತು ಜನರನ್ನು ಗಟ್ಟಿ ಮಾಡುತ್ತಿದ್ದೇನೆ. ನಿಲ್ಲುವುದೂ ಒಂದು ಕೆಲಸ ಎಂದು ನನಗೆ ಯಾವ ಮೇಸ್ತ್ರಿಯೂ ಹೇಳಿರಲಿಲ್ಲ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ನನ್ನ ಹರಿದ ಸೀಟುಗಳಲ್ಲಿ ಕೂತು ಮಂಡಕ್ಕಿ ಮೆಲ್ಲುತ್ತಾರೆ. ಹೊಸದಾಗಿ ಸೇರಿದವರಿಗೆ ಪಂಕಜಾಕ್ಷಿ ಈ ಕಥೆಯನ್ನು ಆಡಿ ತೋರಿಸುತ್ತಾಳೆ. ಹಾರ ಹಿಡಿದ ಕೊಟ್ರಮ್ಮ ಸೀಟಿನ ಸಂದಿಯಲ್ಲೆಲ್ಲ ಕೋಚ್‌ಗಾಗಿ ತಡಕಾಡಿದ್ದು ಬಂತೆಂದರೆ ಹೊಸಬರು ನಗಲೋ ಬೇಡವೋ ಎಂದು ಕೊಟ್ರಮ್ಮನ ಮುಖ ನೋಡುತ್ತಾರೆ. ಅಷ್ಟರಲ್ಲಿ ಅವಳೇ ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ, ನನ್ನ ಗಾಜುಗಳೆಲ್ಲ ಗಲಗಲ ಅನ್ನುವ ಹಾಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿರುತ್ತಾಳೆ.