ನಿಲ್ಲಿಸದೆ ಬಿಟ್ಟ ಲೆಕ್ಕ

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಹೊತ್ತವರು ತಲೆಗೊಂದು ಮಾತಾಡತೊಡಗಿದಾಗ ಮೇಷ್ಟ್ರು, ಈಜುಕೊಳದ ದಂಡೆಯಲ್ಲಿ ನಿಂತು ಮಕ್ಕಳಿಗೆ ಕೂಗಿ ಕೂಗಿ ಪಳಗಿದ ಗಂಟಲಲ್ಲಿ, "ತಲೆ ಕಡೆಯವರು ಎತ್ತಿ, ಕಾಲ ಕಡೆಯವರು ಸುಮ್ನಿರಿ" ಎಂದರು. ಪೆಟ್ಟಿಗೆ ಸಲೀಸಾಗಿ ತಿರುಗಿತು. ಪೆಟ್ಟಿಗೆಯೊಳಗಿದ್ದ ಹೆಂಡತಿಗೆ ಈ ಗಂಟಲೆಂದರೆ ನಗು. ಮನೆಯಲ್ಲೂ ಸೀಟಿ ಊದುತ್ತೀರಲ್ಲ ಎನ್ನುತ್ತಿದ್ದಳು. ಅದು ನೆನಪಾಗಿ ಮೇಷ್ಟ್ರ ಕಾಲು ತಡವರಿಸಿತು. ಹಿಂದಿನಿಂದ ಗಡ್ಡದ ಸಾಹೇಬರು ತೋಳು ಹಿಡಿದುಕೊಂಡರು.

ವಿಶ್ವವಿದ್ಯಾಲಯದಲ್ಲಿ ಅವಳ ಜೊತೆಗೇ ಸಂಶೋಧನೆ ಮಾಡಿದವರು ಅವರು. ಗಡ್ಡ ಯಾವತ್ತೋ ಹೋಗಿ ತಲೆಯೂ ಬೋಳಾಗಿತ್ತು. ಅವಳಿಟ್ಟ ಹೆಸರು ಮಾತ್ರ ಉಳಿದಿತ್ತು. ವಿಜ್ಞಾನದ ದೊಡ್ಡ ಬಹುಮಾನ ಬಂದದ್ದು ಅವರೊಬ್ಬರಿಗೇ. ಅದು ಮೇಷ್ಟ್ರನ್ನು ಒಳಗೊಳಗೇ ಕೊರೆಯುತ್ತಿತ್ತು.

*

ಮದುವೆಯಾದ ಹೊಸತರಲ್ಲಿ ಸಂಜೆ ಐದಾಯಿತೆಂದರೆ ಅವಳು ಕೊಳದ ಬಳಿ ಹಾಜರು. ಮಕ್ಕಳೆಲ್ಲ ಹೋದ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂರುವಳು. ನಿನ್ನ ಕೆಲಸವಾದರೂ ಏನು ಎಂದು ಮೇಷ್ಟ್ರು ಒಮ್ಮೆ ಕೇಳಿದ್ದಕ್ಕೆ ನೀರು ತೋರಿಸಿದಳು.

"ಮಕ್ಕಳು ಎಲ್ಲೆಲ್ಲಿ ಹಾರಿದ್ರು ಅಂತ ಈ ನೀರು ನೋಡಿ ಹೇಳ್ತೀರಾ?"

ಆಗಲ್ಲ ಎಂದರು ಮೇಷ್ಟ್ರು. ತಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಪರಮಾಣುವಿನಷ್ಟು ಪುಟ್ಟ ಅಯಸ್ಕಾಂತಗಳ ಸಾಲನ್ನು ಎಂದಳು. ಒಂದು ಮೇಲೆ, ಒಂದು ಕೆಳಗೆ ಎಂದು ಶಿಸ್ತಾಗಿ ನಿಲ್ಲಿಸಿ ಬಿಟ್ಟರೆ ಅವು ಒಂದನ್ನೊಂದು ಜಗ್ಗಾಡಿ, ಕೊನೆಗೆ ಎಲ್ಲ ಕಡೆಯೂ ಒಂದೇ ಹದದ ಬೆಚ್ಚಗಿನ ಗೊಂದಲಕ್ಕೆ ಬಂದು ನಿಲ್ಲುತ್ತವೆ. ಹೇಗೆ ಹೊರಟಿದ್ದವೆಂಬ ಗುರುತೇ ಸಿಗದು.

"ಮರೀದೇ ಇರೋ ಸಾಲು ಒಂದಾದ್ರೂ ಸಿಗಬೇಕು" ಎಂದಳು.

ಮೇಷ್ಟ್ರಿಗೆ ಅರ್ಥವಾದದ್ದು ಅಷ್ಟಕ್ಕಷ್ಟೇ. ಅವಳ ಒದ್ದೆ ಪಾದ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

*

ಮಣ್ಣು ಮಾಡಿ ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟರು. ಸಾಹೇಬರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೇ ಇದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ದಿನಾ ಸಂಜೆ ಐದಕ್ಕೆಲ್ಲ ಕೆಲಸ ಬಿಟ್ಟು ಬಂದ್ಬಿಡ್ತಿದ್ಲು. ನನ್ನ ಕಟ್ಕೊಂಡು ಅವಳ ಕೆಲಸ ಹಾಳಾಯ್ತು, ಅಲ್ವಾ ಸಾರ್?"

"ನಾನೂ ಹಾಗೇ ಅಂದ್ಕೊಂಡಿದ್ದೆ ಮೇಷ್ಟ್ರೇ. ಅವರ ಎದುರಿಗೇ ರೇಗಿದೀನಿ."

ಸಾಲು ಗೊಂದಲಕ್ಕೆ ಬಿತ್ತೆಂದರೆ ಇನ್ನು ನೋಡಲು ಏನಿದೆಯೆಂದು ಸಾಹೇಬರೂ ಅವಳೂ ಲೆಕ್ಕ ನಿಲ್ಲಿಸಿಬಿಡುತ್ತಿದ್ದರಂತೆ. ಒಂದು ಸಂಜೆ ಅವಳು ಗಡಿಯಾರ ನೋಡಿದವಳೇ ಲೆಕ್ಕ ನಡೆಯುತ್ತಿದ್ದ ಕಂಪ್ಯೂಟರನ್ನು ಹಾಗೇ ಬಿಟ್ಟು, ಚೀಲ ಹೆಗಲಿಗೇರಿಸಿ ಓಡಿದಳು. ಬೆಳಿಗ್ಗೆ ಬಂದು ನೋಡಿದರೆ ಚದುರಿದ್ದ ಸಾಲು ಮತ್ತೆ ಒಂದು ಮೇಲೆ, ಒಂದು ಕೆಳಗೆ ಎಂದು ಮೊದಲಿನಂತೆ ಬಂದು ನಿಂತಿತ್ತು. ಮತ್ತೆ ಚದುರಿ ಮತ್ತೆ ಬಂದಿತ್ತು. ಪ್ರೋಗ್ರಾಮೇ ತಪ್ಪೆಂದು ಸಾಹೇಬರು ವಾರಗಟ್ಟಲೆ ಜಗಳವಾಡಿದರು. ತಪ್ಪು ಸಿಗಲಿಲ್ಲ.

"ಬಹುಮಾನ ಬಂದದ್ದು ಅದನ್ನ ಹಿಡ್ಕೊಂಡು ಆಮೇಲೆ ನಾನು ಮಾಡಿದ ಕೆಲಸಕ್ಕೆ. ಅವತ್ತು ಅವರು ನಿಮ್ಮ ಹತ್ರ ಓಡದೆ ಕೂತಿದ್ದಿದ್ರೆ ಇಬ್ರೂ ಸೇರಿ ಲೆಕ್ಕ ನಿಲ್ಲಿಸಿಬಿಡ್ತಿದ್ವಿ, ಅದು ಕಾಣ್ತಾನೇ ಇರ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ ಅವಳು?"

"ಹೇಳಿದ್ರಂತಲ್ಲ. ಮಾರನೇ ಸಂಜೆ ನೀವು ಯಾವುದೋ ಮಗು ಮೊದಲ ಸಲ ದಂಡೆ ಬಿಟ್ಟು ಈಜ್ತು ಅಂತ ಕುಣೀತಿದ್ರಂತೆ. ಕಿವಿಗೇ ಹಾಕ್ಕೊಳ್ಳಲಿಲ್ಲವಂತೆ."

ಮೇಷ್ಟ್ರಿಗೆ ಆ ಮಗು ನೆನಪಾಯಿತು. ಕೆಂಪು ಟೋಪಿ, ಬಿಗಿಹಿಡಿದ ಮೂಗು. ಪಕ್ಕದಲ್ಲಿ ನಿಂತು ಅವಳು ಏನೋ ಹೇಳುತ್ತ ನಕ್ಕದ್ದೂ ನೆನಪಾಯಿತು. ಮಾತು ಮಾತ್ರ ನೆನಪಿಗೆ ಬರಲಿಲ್ಲ.

ಸಾಹೇಬರು ಬೂಟು ಬಿಚ್ಚಲು ಬಗ್ಗಿದರು. ಅದಕ್ಕೆ ಮೆತ್ತಿದ್ದ ಸ್ಮಶಾನದ ಹಸಿಮಣ್ಣು ನೆಲಕ್ಕೆಲ್ಲ ಬೀಳುತ್ತಿತ್ತು. ಹೊಟ್ಟೆ ಅಡ್ಡ ಬಂದು ಕೈಗೆಟುಕಲಿಲ್ಲ. ಮೇಷ್ಟ್ರು ಎದುರಿಗೆ ಮಂಡಿಯೂರಿ, ನೆನೆದು ಬಿಗಿದಿದ್ದ ಲೇಸಿನ ಗಂಟನ್ನು ಉಗುರಿನಿಂದ ಸಡಿಲಿಸಿ, ಎರಡೂ ಬೂಟುಗಳನ್ನು ಕಳಚಿ ಒಯ್ದು, ಅಂಗಳದ ಬಿಸಿಲಿಗೆ ಜೋಡಿಸಿಟ್ಟರು.