ಕೊನೆಯ ಖಾಲಿ ಪುಟ

“ನಿಮ್ಮಕ್ಕ ಪ್ರಾರ್ಥನೆ ಪುಸ್ತಕದಲ್ಲಿ ಪ್ರೇಮಕವನ ಹಾಕ್ಸಿದಾಳೆ ಕಣೇ. ಐದು ಸಾವಿರ ಪ್ರತಿ. ಹಂಚಿಯೂ ಆಯ್ತು,” ಎಂದಳು ಗೆಳತಿ ವಟವಟಿ, ಕಾಲೇಜಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂರುತ್ತ. “ಕೆಳಗೆ ಬೇರೆ ‘ಬೈಂಡರ್ ಸಾಹೇಬರ ಗಮನಕ್ಕೆ’ ಅಂತಿದೆ.”

ನನಗೆ ನಗು ಬಂತು. “ಯಾವ ಕವನ?”

“ನಮ್ಮ ಪಾಠದ್ದೇ.”

ನಗು ನಿಂತಿತು. ಅದನ್ನು ಅಕ್ಕನಿಗೆ ಕಳಿಸಿದ್ದು ನಾನೇ.

ನದಿಗೆ ಕಟ್ಟೆ ಕಟ್ಟಿ ದೇವರಪ್ಪಣೆ ಎಂದರು;
ದೇವರು ಬಾಯಾರಿ ನನ್ನ ಬೊಗಸೆಗೆ ಬಂದ.

ಪ್ರೀತಿಗೆ ಧರ್ಮ ಹಾಕಿದ ಕಟ್ಟನ್ನು ಕವಿ ಹೇಗೆ ಪ್ರಶ್ನಿಸುತ್ತಾನೆ ಎಂದು ಬರೆದು ಹತ್ತಕ್ಕೆ ಒಂಬತ್ತು ತೆಗೆದವಳು ನಾನು.

ಅಕ್ಕ ಧರ್ಮಸಭೆಯ ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಾಳೆ. ಅಚ್ಚಾಗುವುದು ಹದಿನಾರು ಪುಟಗಳ ಕಂತೆಯಾಗಿ. ಹಾಗಾಗಿ ಕೊನೆಗೆ ಒಂದೋ ಎರಡೋ ಪುಟ ಖಾಲಿ ಉಳಿಯುತ್ತದೆ. ಕರಡನ್ನು ಮಡಚಿ ನೋಡುವುದು ಬೈಂಡರ್ ಕೆಲಸ. ಅಕ್ಕ ಆ ಖಾಲಿ ಪುಟದಲ್ಲಿ ಅವನಿಗೆಂದು ಏನಾದರೂ ಹಾಕುವಳು, ಅವನು ಓದಿದ ಮೇಲೆ ಅಳಿಸುವಳು. ಎರಡು ವರ್ಷ ಅವರ ಪ್ರೀತಿ ನಡೆದದ್ದು ಹೀಗೇ. ಅವನು ನಮ್ಮ ಸಭೆಯವನಲ್ಲ, ಮದುವೆಗೆ ಸಭೆಯ ಹಿರಿಯರು ಒಪ್ಪುವವರಲ್ಲ. ಈ ಸಲ ಅಳಿಸಲು ಮರೆತಳು. ಹಿರಿಯರೂ ಪ್ರಾರ್ಥನೆಗಳಷ್ಟನ್ನೇ ನೋಡಿ ಒಪ್ಪಿಗೆಯ ಮುದ್ರೆ ಒತ್ತಿದ್ದರು.

ಮನೆಗೆ ಬಂದಾಗ ಅಕ್ಕ ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು.

“ಊರಿಗೆಲ್ಲ ಹೇಳಿದೀಯ. ಹೆತ್ತವಳಿಗೊಂದು ಮಾತು ಹೇಳೋಕಾಗ್ಲಿಲ್ಲ,” ಎಂದಳು ಅಮ್ಮ. ಒಳಕೋಣೆಯಲ್ಲಿ ಅಜ್ಜಿ ಕೆಮ್ಮಿದಳು.

“ಹಿರಿಯರು ಏನಂತಾರೆ ಅಕ್ಕಾ?”

“ಅವನೇ ನನ್ನ ತಲೆ ಕೆಡಿಸಿದ, ಇನ್ನು ಅವನ ಮುಖ ನೋಡಲ್ಲ ಅಂತ ಬರ್ಕೊಡ್ಬೇಕಂತೆ. ಇಲ್ಲಾಂದ್ರೆ ಮನೆಯವರೆಲ್ಲ ಸಭೆಯಿಂದ ಹೊರಗೆ.”

“ಹೋಗ್ಲಿ ಬಿಡು, ಹೊರಗೇ ಇರೋಣ.”

“ಅಜ್ಜೀನ ಅಜ್ಜನ ಪಕ್ಕ ಮಣ್ಣು ಮಾಡೋಕೆ ಬಿಡಲ್ಲ ಕಣೇ. ಆ ಜಾಗ ಸಭೇದು. ಅವಳು ಇಪ್ಪತ್ತು ವರ್ಷದಿಂದ ಕೇಳ್ತಿರೋದು ಅದೊಂದನ್ನೇ.”

“ಆದ್ರೆ ಕವಿ ಏನಂತಾನೆ ಅಂದ್ರೆ...”

“ನಿನ್ನ ಕವಿಗೆ ಅಜ್ಜಿ ಇರ್ಲಿಲ್ಲ ಅನ್ಸುತ್ತೆ.”

“ನಿನ್ನ ಬೈಂಡರ್ ಏನಂತಾನೆ?”

“ಪುಸ್ತಕ ವಾಪಸ್ ತರಿಸಿ, ಆ ಪುಟ ಹರಿಯೋಕೆ ಅವನನ್ನೇ ಕೂರಿಸಿದಾರೆ. ಮುಗಿದ ಮೇಲೆ ಕೆಲಸದಿಂದ ತೆಗೀತಾರೆ. ಬರ್ಕೊಡು ಅಂದ. ತಲೆ ಎತ್ತಲಿಲ್ಲ.”

ಫೋನ್ ಬಂತು. ಮುದ್ರಣಾಲಯದ ಮ್ಯಾನೇಜರ್. ಅಕ್ಕ ಕೈ ಒರೆಸಿಕೊಂಡು ಎತ್ತಿದಳು. ಅವರ ದನಿ ನಮಗೂ ಕೇಳಿಸುತ್ತಿತ್ತು: “ನಾಳೆ ಹತ್ತಕ್ಕೆ ಬಾಮ್ಮಾ. ಏನೂ ಬರೀಬೇಕಿಲ್ಲ, ಎಲ್ಲಾ ಬರೆದಿಟ್ಟಿದಾರೆ. ಸಹಿ ಒಂದು ಸಾಕು.”

ಅಕ್ಕ ಒಳಕೋಣೆಯ ಕಡೆ ನೋಡಿದಳು.

“ಹತ್ತಕ್ಕೆ ಬರ್ತೀನಿ ಸಾರ್.”